ಮೇಡಮ್ಮು ನಡುನಡುವೆ ಕೇಳ್ತಾರೆ

ಅವರ ಹೆಸರನ್ನು ನಾನು ಬರೆಯುವುದಿಲ್ಲ. ಬರೆಯಬೇಡ ಎಂದು ಅವರೇ ಹೇಳಿದ್ದಾರೆ. ಅವರ ಮಾತು ಮೀರುವ ಧೈರ್ಯ, ಅವರು ನಿವೃತ್ತರಾದ ಮೇಲೂ ನನಗೆ ಬಂದಿಲ್ಲ. ಹೋಗಲಿ, ಮಕ್ಕಳು ಅವರಿಗಿಟ್ಟ ಹೆಸರನ್ನಾದರೂ ಬರೆಯೋಣ ಎಂದರೆ ಅದು ಬರೆಯಲು ಬರುವ ಹೆಸರಲ್ಲ. ತೋರುಬೆರಳಿನಿಂದ ಮೂಗಿನ ಹೊಳ್ಳೆಯನ್ನು ಎರಡು ಸಲ ಮುಟ್ಟಿದರೆ ಅದು ಅವರು. ಮೂಗುತಿಯ ಮೇಡಂ. ಹಿಂದೂಪುರದಲ್ಲಿ ಕಿವಿ ಕೇಳಿಸದ ಮಕ್ಕಳ ಶಾಲೆಯಲ್ಲಿ ಕಲಿತು ಹೊರಬಂದ ಯಾರ ಮುಂದಾದರೂ ಹಾಗೆ ಮೂಗು ಮುಟ್ಟಿ ನೋಡಿ, ಅವರ ಮುಖ ಅರಳುತ್ತದೆ.

ಕಳೆದ ತಿಂಗಳು ಆ ಶಾಲೆಯಲ್ಲಿ ಅವರಿಗೆ ಬೀಳ್ಕೊಡುಗೆ ನಡೆಯಿತು. ಊರಿನ ಗಣ್ಯರೊಬ್ಬರು ತೆಲುಗಿನಲ್ಲಿ ಸುದೀರ್ಘವಾಗಿ ಮಾತಾಡಿ, ಕೊನೆಯಲ್ಲಿ ಚಪ್ಪಾಳೆಗಾಗಿ ಸ್ವಲ್ಪ ಕಾದು ನಿಂತರು. ಚಪ್ಪಾಳೆ ಬೀಳಲಿಲ್ಲ. ಮಕ್ಕಳೆಲ್ಲ ಎರಡೂ ಕೈ ಮೇಲೆತ್ತಿ, ಬೆರಳು ಬಿಡಿಸಿ, ಗಾಳಿಯಲ್ಲಿ ಅಲ್ಲಾಡಿಸಿದರು. ಅವರ ಚಪ್ಪಾಳೆ ಅದೇ. ಗಣ್ಯರಿಗೆ ಇದು ತಿಳಿಯದು. ಸಾಕು ಸಾಕು ಎನ್ನುತ್ತಿದ್ದಾರೆ ಎಂದುಕೊಂಡು ಪಾಪ, ಕೂತುಬಿಟ್ಟರು. ಭಾಷಣದ ಉದ್ದ ನೋಡಿದರೆ ಅವರು ಹಾಗೆ ತಿಳಿದುಕೊಂಡದ್ದೂ ತಪ್ಪೇನಲ್ಲ. ಮೇಡಂ ಮಾತ್ರ ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

ನನ್ನದು ಹುಣಸೆಹಣ್ಣಿನ ಮಂಡಿಗಳ ಹಿಂದಿನ ಬೀದಿಯಲ್ಲೊಂದು ಕಂಪ್ಯೂಟರ್ ಅಂಗಡಿ. ರಿಪೇರಿ ಮಾಡುತ್ತೇನೆ, ಕೇಳಿದವರಿಗೆ ಸಣ್ಣಪುಟ್ಟ ವೆಬ್‌ಸೈಟ್ ಮಾಡಿಕೊಡುತ್ತೇನೆ. ಸ್ವಭಾವದಲ್ಲಿ ನಾನು ಸಿಡುಕ. ಕೆಟ್ಟ ಯಂತ್ರದ ಮೇಲೆ ನನಗೆ ಸಿಟ್ಟಿಲ್ಲ. ಅದರ ಮೇಲೆ ಚಹಾ ಚೆಲ್ಲಿ ತಂದು, “ತಾನಾಗೇ ಕೆಟ್ಟೋಯ್ತು” ಅನ್ನುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತದೆ. ಅಂಥ ಒಂದು ಚಹಾ ಕುಡಿದ ಲ್ಯಾಪ್‌ಟಾಪಿನ ಹೊಟ್ಟೆ ಬಿಚ್ಚಿ ಬಗ್ಗಿ ಕೂತಿದ್ದಾಗ ಅಂಗಡಿಯ ಟ್ಯೂಬ್‌ಲೈಟು ಆರಿತು, ಹತ್ತಿತು, ಮತ್ತೆ ಆರಿತು. ಕರೆಂಟಿನವರಿಗೆ ಮನಸ್ಸಿನಲ್ಲೇ ಬೈದು ತಲೆ ಎತ್ತಿದರೆ ಬಾಗಿಲ ಪಕ್ಕದ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ಒಬ್ಬ ಹೆಂಗಸು ನಿಂತಿದ್ದರು.

“ಏನಮ್ಮಾ ಮಾಡ್ತಾ ಇದೀರಾ?” ಎಂದೆ.

“ಕರೀತಾ ಇದ್ದೆ ಕಣಪ್ಪ,” ಎಂದರು ತಣ್ಣಗೆ. ಆಮೇಲೆ ನಾಲಿಗೆ ಕಚ್ಚಿಕೊಂಡರು. “ಇಸ್ಕೂಲಲ್ಲಿ ಹಂಗೇ ಕರೆಯೋದು. ನಿಂಗೆ ಕಿವಿ ಕೇಳಿಸ್ತದೆ ಅನ್ನೋದು ಮರ್ತೇಹೋಯ್ತು.”

ಅವರಿಗೆ ಅದು ಆಗಾಗ ಮರೆತುಹೋಗುತ್ತಿತ್ತು. ಯಾರನ್ನೂ ಬೆನ್ನ ಹಿಂದಿನಿಂದ ಕರೆಯುತ್ತಿರಲಿಲ್ಲ. ಸುತ್ತಿ ಬಂದು, ಎದುರು ನಿಂತು, ಕಣ್ಣು ಕೂಡಿದ ಮೇಲೆಯೇ ಬಾಯಿ ತೆರೆಯುವುದು. ಲೇಪಾಕ್ಷಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಒಂದು ಸಂಜೆ ಅದೇ ಬಸ್ಸಿನಲ್ಲಿ ನಾನೂ ಇದ್ದೆ. ಕಾಲಿಡಲು ಜಾಗವಿರಲಿಲ್ಲ, ಎಲ್ಲರೂ ಕಿರುಚುವವರೇ. ಮೇಡಂ ಕಿಟಕಿಯ ಪಕ್ಕ ಕೂತು, ಗಾಜಿನಾಚೆ ಸ್ಟ್ಯಾಂಡಿನಲ್ಲಿ ನಿಂತ ತಮ್ಮ ಹಳೆಯ ವಿದ್ಯಾರ್ಥಿನಿಯ ಜೊತೆ ಕೈಯಲ್ಲೇ ಹರಟುತ್ತಿದ್ದರು. ಬಸ್ಸು ಹೊರಟು ಆ ಹುಡುಗಿ ಚುಕ್ಕಿಯಷ್ಟಾಗುವವರೆಗೂ ಮಾತು ನಡೆಯಿತು. ಮುಗಿಸಿ ನನ್ನ ಕಡೆ ತಿರುಗಿ, “ಅವಳ ಅತ್ತೆ ವಿಷಯ. ಬಸ್ಸಲ್ಲಿ ಕೂತು ಗುಟ್ಟು ಮಾತಾಡೋ ಭಾಗ್ಯ ನಿಮಗೈತಾ?” ಎಂದರು. ಇಲ್ಲವೆಂದು ಒಪ್ಪಿಕೊಂಡೆ.

ಅವರು ಮೃದು ಹೆಂಗಸು ಎಂದು ಯಾರಾದರೂ ತಿಳಿದರೆ ಆ ತಪ್ಪು ನನ್ನ ತಲೆಗೆ ಬರುವುದು ಬೇಡ. ನನ್ನ ಅಂಗಡಿಯಲ್ಲೇ ಒಬ್ಬರು, ನೋಡಲು ದೊಡ್ಡ ಮನುಷ್ಯರು, “ಓ, ನೀವು ಮೂಗ ಮಕ್ಕಳಿಗೆ ಪಾಠ ಮಾಡೋರಲ್ವಾ,” ಎಂದರು. ಮೇಡಂ ಅವರನ್ನು ತಲೆಯಿಂದ ಕಾಲಿನವರೆಗೆ ನೋಡಿದರು. “ನಾಳೆ ಇಸ್ಕೂಲಿಗೆ ಬನ್ನಿ ಸಾರ್. ಊಟದ ಬೆಲ್ಲಿನಲ್ಲಿ ಮಕ್ಕಳ ಮಧ್ಯ ಒಂದು ಗಂಟೆ ಕೂತ್ಕೊಳ್ಳಿ. ಯಾರು ಮೂಗರು ಅಂತ ನಿಮಗೇ ಗೊತ್ತಾಗ್ತದೆ,” ಎಂದರು. ಬೆದರಿಕೆಯಲ್ಲ, ಅನುಭವದ ಮಾತು. ಅವರು ಆ ಶಾಲೆಗೆ ಬಂದಾಗ ಅವರಿಗೂ ಕೈಮಾತು ಸರಿಯಾಗಿ ಬರುತ್ತಿರಲಿಲ್ಲವಂತೆ. ತರಬೇತಿಯಲ್ಲಿ ಕಲಿತದ್ದನ್ನು ಮೊದಲ ದಿನ ಆಡಿ ತೋರಿಸಿದರೆ ಮಕ್ಕಳು ಬಿದ್ದು ಬಿದ್ದು ನಕ್ಕರಂತೆ. ಆಮೇಲೆ ಆ ಮಕ್ಕಳೇ ಅವರನ್ನು ತಿದ್ದಿದರು.

ಅವರು ನನ್ನಲ್ಲಿಗೆ ಬಂದಿದ್ದ ಕಾರಣ ವಿಡಿಯೊ. ಶಾಲೆಯ ಮಕ್ಕಳಲ್ಲಿ ಬಹಳ ಮಂದಿ ದೂರದ ಹಳ್ಳಿಗಳವರು. ಹಾಸ್ಟೆಲಿನಲ್ಲಿದ್ದು ರಜೆಗೆ ಮಾತ್ರ ಮನೆಗೆ ಹೋಗುವವರು. ಶಾಲೆಯಲ್ಲಿ ಅರಳು ಹುರಿದಂತೆ ಕೈಯಾಡಿಸುವ ಮಗು ಮನೆಗೆ ಹೋದ ಕೂಡಲೇ ಸುಮ್ಮನಾಗುತ್ತದೆ. ಮನೆಯವರಿಗೆ ಕೈಮಾತು ಬಾರದು. ಉಣ್ಣು, ಮೀಯು, ಮಲಗು, ಇಷ್ಟರಲ್ಲೇ ರಜೆ ಮುಗಿಯುತ್ತದೆ. “ಮನೇಲಿ ಮಾತಿಲ್ಲದ ಮಗು ಆ ಮನೆಗೆ ನೆಂಟ ಆಗ್ಬುಡ್ತದೆ ಕಣಪ್ಪ,” ಎನ್ನುತ್ತಿದ್ದರು. ಅದಕ್ಕೇ ಮಕ್ಕಳು ಮತ್ತು ತಾವು ಸೇರಿ ಕೈಯಲ್ಲಿ ಹೇಳುವ ಸಣ್ಣ ಸಣ್ಣ ಕಥೆಗಳನ್ನು ವಿಡಿಯೊ ಮಾಡಿದ್ದರು. ದಸರಾ ರಜೆಯಲ್ಲಿ ಮನೆಯವರು ಮಗುವಿನ ಪಕ್ಕ ಕೂತು ಫೋನಿನಲ್ಲಿ ಅದನ್ನು ನೋಡಿ ಕಲಿಯಬೇಕು. ನನ್ನ ವೆಬ್‌ಸೈಟಿನ ಒಂದು ಮೂಲೆಯಲ್ಲಿ ಜಾಗ ಕೊಡು ಎಂದರು. ಕೊಟ್ಟೆ.

“ಬೀಗ ಹಾಕು,” ಎಂದರು.

ಬೀಗವೇಕೆ ಎಂದು ಕೇಳಿದೆ. ಹಿಂದೆ ಒಮ್ಮೆ ಒಂದು ಮಗುವಿನ ವಿಡಿಯೊವನ್ನು ಅದರ ನೆಂಟನೇ ಊರಿನ ಫೋನ್ ಗುಂಪಿಗೆ ಹಾಕಿ, ಕೆಳಗೆ ನಗುವ ಬೊಂಬೆಗಳನ್ನು ಅಂಟಿಸಿದ್ದನಂತೆ. ನಾಚಿಕೊಂಡ ತಂದೆತಾಯಿ ಮಗುವನ್ನು ಶಾಲೆಯಿಂದಲೇ ಬಿಡಿಸಿದರು. ನಾನು ಜಾಣತನ ತೋರಿಸಿದೆ. “ಮುಖ ಮಸುಕು ಮಾಡಿದರೆ ಆಯ್ತಲ್ಲ ಮೇಡಂ, ಟೀವಿಯಲ್ಲಿ ಮಾಡ್ತಾರಲ್ಲ ಹಾಗೆ.”

ಮೇಡಂ ಒಪ್ಪಲಿಲ್ಲ. “ನಿನ್ನ ಮುಖ ಮಸುಕು ಮಾಡಿದ್ರೂ ನಿನ್ನ ಮಾತು ಕೇಳಿಸ್ತದೆ. ನಮ್ಮ ಮಕ್ಕಳಿಗೆ ಮುಖಾನೇ ಅರ್ಧ ಮಾತು. ಹುಬ್ಬು ಏರಿಸಿದ್ರೆ ಪ್ರಶ್ನೆ, ಇಳಿಸಿದ್ರೆ ಸಿಟ್ಟು. ಮಸುಕು ಮಾಡೋದು ಅಂದ್ರೆ ಬಾಯಿಗೆ ಬಟ್ಟೆ ತುರುಕಿದಂಗೆ.” ನಾನು ಬೀಗ ಹಾಕಿದೆ.

ಆಗ ನನಗೆ ಗೊತ್ತಿದ್ದ ಬೀಗ ಒಂದೇ. ವಿಡಿಯೊಗಳಿದ್ದ ಇಡೀ ಕಪಾಟಿಗೆ ಒಂದು ಪಾಸ್‌ವರ್ಡ್, ಹೇಳಿದವರಿಗೆ ಪ್ರವೇಶ. ಆ ಪಾಸ್‌ವರ್ಡನ್ನು ಮೇಡಂ ಎಲ್ಲೂ ಬರೆಯಲಿಲ್ಲ, ದೊಡ್ಡವರಿಗೆ ಹೇಳಲೂ ಇಲ್ಲ. ಮಕ್ಕಳ ಕೈಗೆ ಕಲಿಸಿ ಕಳಿಸಿದರು. ಇಂಗ್ಲಿಷಿನ ಒಂದೊಂದು ಅಕ್ಷರಕ್ಕೂ ಒಂದೊಂದು ಕೈಗುರುತು ಉಂಟು. ಎಡಗೈಯ ಹೆಬ್ಬೆರಳ ತುದಿ ಮುಟ್ಟಿದರೆ ಎ, ಕಿರುಬೆರಳ ತುದಿ ಮುಟ್ಟಿದರೆ ಯು, ಹೀಗೆ. ಹೆಚ್ಚಿನವಕ್ಕೆ ಎರಡೂ ಕೈ ಬೇಕು. ಮಗು ಅಕ್ಷರ ತೋರಿಸಬೇಕು, ದೊಡ್ಡವರು ಟೈಪು ಮಾಡಬೇಕು. ಗುಟ್ಟು ಹೊರಬೀಳದಿರಲಿ ಎಂದು ದಿನ ಬಿಟ್ಟು ದಿನ ಪದ ಬದಲಾಗಬೇಕು. ಹೊಸ ಪದವನ್ನು ಅಂದಿನ ಕಥೆಯ ಕೊನೆಯಲ್ಲಿ ಮೇಡಮ್ಮೇ ಕೈಯಲ್ಲಿ ತೋರಿಸುವರು. ಬದಲಾಯಿಸುವ ಕೂಲಿ ಕೆಲಸ ನನ್ನದು.

ರಜೆ ಶುರುವಾಯಿತು, ದೂರಿನ ಫೋನುಗಳೂ ಶುರುವಾದವು. ಪಾಸ್‌ವರ್ಡ್ ಬಾಕ್ಸಿನಲ್ಲಿ ಒತ್ತಿ ಒಳಗೆ ಹೋಗುತ್ತಾರೆ. ಕಥೆಯ ಮೇಲೆ ಒತ್ತುತ್ತಾರೆ. ಮತ್ತೆ ಅದೇ ಬಾಕ್ಸು ಮೇಲೆದ್ದು ಪಾಸ್‌ವರ್ಡ್ ಕೇಳುತ್ತದೆ. ಕೊಡುತ್ತಾರೆ. ಕಥೆ ಸ್ವಲ್ಪ ಓಡುತ್ತದೆ. ಒಂದು ಸನ್ನೆ ತಿಳಿಯಲಿಲ್ಲವೆಂದು ಹಿಂದಕ್ಕೆ ಎಳೆದರೆ ಮತ್ತೆ ಬಾಕ್ಸು. ಕಲಿಯುವವರು ಹಿಂದಕ್ಕೆ ಎಳೆಯದೆ ಇರುತ್ತಾರೆಯೇ?

ಕಾರಣ ನನಗೆ ಬೇಗ ಸಿಕ್ಕಿತು. ಪುಟ ತೆರೆಯುವ ಬ್ರೌಸರ್ ಬೇರೆ, ಫೋನಿನಲ್ಲಿ ವಿಡಿಯೊ ಓಡಿಸುವ ಪ್ಲೇಯರ್ ಬೇರೆ. ಬಾಗಿಲಲ್ಲಿ ಅಣ್ಣನ ಗುರುತು ಕೇಳಿ ಒಳಗೆ ಬಿಟ್ಟ ಕಾವಲುಗಾರ, ಹಿಂದೆ ಬಂದ ತಮ್ಮನನ್ನು ಬಿಡುವುದಿಲ್ಲ. ಅವನನ್ನೂ ಹೊಸದಾಗಿ ಕೇಳುತ್ತಾನೆ. ಹಿಂದಕ್ಕೆ ಎಳೆದಾಗಲೆಲ್ಲ ತಮ್ಮ ಮತ್ತೆ ಹೊರಗಿನಿಂದಲೇ ಬರುತ್ತಾನೆ. ಕಾರಣ ಸಿಕ್ಕಿತೇ ಹೊರತು ಪರಿಹಾರ ಸಿಗಲಿಲ್ಲ. “ಬೀಗ ತೆಗೆದುಬಿಡ್ತೀನಿ ಮೇಡಂ, ರಜೆ ಮುಗಿಯುವವರೆಗೆ,” ಎಂದೆ. “ಬೀಗ ಇರ್ಲಿ. ನೀನು ಬುದ್ಧಿ ಓಡ್ಸು,” ಎಂದರು.

ಇದರ ಮಧ್ಯೆ ಸೋಮಂದೇಪಲ್ಲಿಯ ಒಬ್ಬ ಅಜ್ಜಿ ಮೊಮ್ಮಗನಿಗೆ ಹುಷಾರಿಲ್ಲವೆಂದು ಆಸ್ಪತ್ರೆಗೆ ಹಿಂದೂಪುರಕ್ಕೆ ಬಂದವರು, ಮೇಡಂ ನನ್ನ ಅಂಗಡಿಯಲ್ಲಿದ್ದಾರೆಂದು ತಿಳಿದು ಅಲ್ಲಿಗೇ ಬಂದರು. ಬಾಕ್ಸಿನಿಂದ ತೊಂದರೆಯಾಗುತ್ತಿದೆಯೇ ಎಂದು ನಾನೇ ಕೇಳಿದೆ.

“ತೊಂದ್ರೆ ಏನೂ ಇಲ್ಲ ಕಣಪ್ಪ,” ಎಂದರು ಅಜ್ಜಿ. “ಮೇಡಮ್ಮು ನಡುನಡುವೆ ಕೇಳ್ತಾರೆ, ನೋಡ್ತಾ ಇದ್ದೀರೋ, ನಿದ್ದೆ ಹೋಗ್ಬುಟ್ರೋ ಅಂತ. ನಾವು ಇದ್ದೀವಮ್ಮಾ ಅಂತ ಒತ್ತುತೀವಿ. ಅವಾಗ ಕತೆ ಮುಂದಕ್ಕೆ ಹೇಳ್ತಾರೆ. ಕೇಳೋದು ಒಳ್ಳೇದೇ. ಒಂದು ಸಲ ನಿಜವಾಗ್ಲೂ ತೂಗಡಿಸ್ತಿದ್ದೆ, ಸರಿಯಾಗಿ ಹಿಡಿದ್ಬುಟ್ರು.”

ಬಾಕ್ಸು ಬಂದಾಗಲೆಲ್ಲ ಅಜ್ಜಿ ನೆಟ್ಟಗೆ ಕೂತು, ಸೆರಗು ತಲೆಗೆ ಎಳೆದುಕೊಳ್ಳುತ್ತಾರೆಂದು ಮೊಮ್ಮಗ ಕೈಯಲ್ಲಿ ಮೇಡಂಗೆ ಚಾಡಿ ಹೇಳಿದ. ಅವರು ಹೋದ ಮೇಲೆ ನಾನು ಕುರ್ಚಿಯಿಂದ ಬೀಳುವಷ್ಟು ನಕ್ಕೆ. ಮೇಡಮ್ಮೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಅದು ಮೆಷಿನ್ನಿನ ದೋಷ ಅಂತ ಅವರಿಗೆ ಹೇಳಬೇಕಲ್ಲ ಮೇಡಂ,” ಎಂದೆ.

“ಹೇಳ್ತೀನಿ. ಆದ್ರೆ ನಾನು ಕೇಳ್ತೀನಿ ಅಂತ ನಂಬ್ಬುಟ್ಟವ್ರೆ ಕಣಪ್ಪ. ನಾನು ಕೇಳ್ದೆ ಇದ್ರೆ ಹೆಂಗೆ?”

ಮರುದಿನ ಅಜ್ಜಿಗೆ ವಿಷಯ ತಿಳಿಸಿದರು. ಆದರೆ ಅಂದಿನಿಂದ ಮಾಡಿದ ಪ್ರತಿ ವಿಡಿಯೊದಲ್ಲೂ ಮೇಡಂ ಕಥೆಯನ್ನು ನಡುನಡುವೆ ನಿಲ್ಲಿಸಿ, ನೇರವಾಗಿ ನಮ್ಮನ್ನು ನೋಡಿ, ಹುಬ್ಬೇರಿಸಿ, ಕೈಯಲ್ಲಿ ಕೇಳುತ್ತಿದ್ದರು: ನೋಡ್ತಾ ಇದೀಯಾ? ಪಕ್ಕದಲ್ಲಿ ಯಾರಿದ್ದಾರೆ? ಅವರಿಗೆ ಅರ್ಥವಾಯಿತಾ, ಕೇಳು. ಉತ್ತರಕ್ಕೆ ಸಮಯ ಕೊಟ್ಟು, ತಲೆಯಾಡಿಸಿ, ಮುಂದೆ ಸಾಗುತ್ತಿದ್ದರು. ಯಾರೋ ತಪ್ಪು ತಿಳಿದುಕೊಂಡರೆ ತಿದ್ದಿ ಕೈತೊಳೆದುಕೊಳ್ಳುವುದು ನನಗೆ ಗೊತ್ತು. ಅವರ ನಂಬಿಕೆ ಸುಳ್ಳಾಗದ ಹಾಗೆ ತಾನೇ ಬದಲಾಗುವವರನ್ನು ನಾನು ನೋಡಿದ್ದು ಅದೇ ಮೊದಲು. ಆ ದಿನ ನನಗೆ ಅವರ ಮೇಲೆ ಹುಟ್ಟಿದ್ದನ್ನು ಗೌರವ ಎಂದರೆ ಕಡಿಮೆಯಾಗುತ್ತದೆ. ಸ್ವಲ್ಪ ಭಯವೇ ಆಯಿತು.

ಈಗ ಕಲ್ಯಾಣದುರ್ಗದ ಒಬ್ಬ ಮನುಷ್ಯನ ವಿಷಯ. ಅವನ ಕಸುಬು ಮೈಕಿನದು. ಆಟೋಗೆ ಎರಡು ಹಾರ್ನ್ ಕಟ್ಟಿಕೊಂಡು, ಸೀರೆ ಸೇಲು, ಹೊಸ ಹೋಟೆಲು, ಕಳೆದುಹೋದ ಎಮ್ಮೆ, ಯಾವುದನ್ನು ಬೇಕಾದರೂ ಊರಿಗೆಲ್ಲ ಸಾರುತ್ತಾನೆ. “ಆಲಸಿಂಚಿನ ಆಶಾಭಂಗಂ” ಎಂದು ಅವನು ಎಳೆದು ಹೇಳಿದರೆ, ತಡ ಮಾಡಿ ಕೆಟ್ಟೇನೋ ಎಂದು ಕೊಳ್ಳುವ ಮನಸ್ಸಿಲ್ಲದವರೂ ಚಪ್ಪಲಿ ಮೆಟ್ಟುತ್ತಾರೆ. ಅಂಥ ಗಂಟಲಿನವನ ಒಬ್ಬಳೇ ಮಗಳಿಗೆ ಹುಟ್ಟಿನಿಂದ ಕಿವಿ ಕೇಳಿಸದು. ಎರಡನೇ ತರಗತಿಯ ಆ ಹುಡುಗಿ ಈ ಶಾಲೆಯ ಹಾಸ್ಟೆಲಿನಲ್ಲಿದ್ದಳು.

ದಸರಾ ರಜೆಗೆ ಅವಳನ್ನು ಕರೆದೊಯ್ಯಲು ಬಂದಾಗ ಅವನು ಗೇಟಿನಿಂದಲೇ ಮಗಳ ಹೆಸರು ಹಿಡಿದು ಕೂಗಿದ. ಬೀದಿಯ ನಾಯಿಗಳೆಲ್ಲ ಎದ್ದವು. ಅವಳು ಮಾತ್ರ ಬರಲಿಲ್ಲ. ಕೇಳಿಸದ್ದರಿಂದ ಮಾತ್ರವಲ್ಲ; ಕಿಟಕಿಯಿಂದ ಅವನನ್ನು ನೋಡಿಯೇ ಒಳಗೆ ಓಡಿ ಮೇಡಂ ಸೆರಗು ಹಿಡಿದುಕೊಂಡಿದ್ದಳು. ಮನೆಗೆ ಹೋಗಲ್ಲ ಎಂದಳು. ಯಾಕೆಂದರೆ, “ಅಲ್ಲಿ ಎಲ್ಲರ ಬಾಯೂ ಆಡುತ್ತೆ, ನನ್ನ ಜೊತೆ ಯಾರದೂ ಆಡಲ್ಲ. ನೀವೇ ನನ್ನ ಇಟ್ಟುಕೊಳ್ಳಿ,” ಎಂದಳಂತೆ. ಅದನ್ನು ನನಗೆ ಹೇಳುವಾಗ ಮೇಡಂ ಮುಖ ನೋಡಲಾಗುತ್ತಿರಲಿಲ್ಲ. ಅವರಿಗೆ ಸ್ವಂತ ಮಕ್ಕಳಿಲ್ಲ. ಇಟ್ಟುಕೊಳ್ಳುವ ಆಸೆ ಇರಲಿಲ್ಲ ಎಂದು ನಾನು ಹೇಳಲಾರೆ. ಆದರೂ ಅವಳ ಕೈ ಬಿಡಿಸಿ ಅಪ್ಪನ ಆಟೋ ಹತ್ತಿಸಿದರು.

“ಮಗಳ ಜೊತೆ ಮಾತಾಡಪ್ಪ,” ಎಂದು ಅವನಿಗೆ ಹೇಳಿದರು.

“ಮಾತಾಡ್ತೀನಲ್ಲ ಮೇಡಮ್ಮ. ಅವಳಿಗೆ ಕೇಳಿಸ್ಲಿ ಅಂತಾನೇ ಗಟ್ಟಿಯಾಗಿ ಮಾತಾಡ್ತೀನಿ.”

“ಕೈಯಲ್ಲಿ ಮಾತಾಡು.”

ಅವನು ಅತ್ತಿತ್ತ ನೋಡಿದ. “ಕಲ್ಯಾಣದುರ್ಗದಾಗೆ ನನ್ ಗಂಟಲು ಗೊತ್ತಿಲ್ಲದ ಮನೆ ಇಲ್ಲ. ನಾನು ಬೀದೀಲಿ ನಿಂತ್ಕೊಂಡು ಕೈ ಆಡಿಸಿದ್ರೆ ಜನ ಏನಂತಾರೆ? ಗಂಟಲು ಹೋಯ್ತು, ಪಿಚ್ಚಿ ಹಿಡೀತು ಅಂತಾರೆ.” ಪಿಚ್ಚಿ ಎಂದರೆ ಹುಚ್ಚು. ಆಟೋ ಹೊರಟಿತು. ಹುಡುಗಿ ಹಿಂದೆ ತಿರುಗಿಯೂ ನೋಡಲಿಲ್ಲವಂತೆ. ಮುಂದಿನ ರಜೆಗೆ ಇವಳನ್ನು ಮನೆಗೆ ಹೊರಡಿಸಲು ತಮ್ಮಿಂದಾಗದು, ಆ ಮನೆ ಇವಳಿಗೆ ತಪ್ಪಿಹೋಗುತ್ತದೆ ಎಂಬ ಭಯ ಮೇಡಂಗೆ ಅಂದೇ ಹೊಕ್ಕಿತು.

ಆ ಮನೆಯಲ್ಲಿ ವಿಡಿಯೊ ನೋಡಲು ಇದ್ದ ಫೋನು ಅವನದೊಂದೇ. ಅದನ್ನು ಅವನು ಯಾರ ಕೈಗೂ ಕೊಡುವವನಲ್ಲ. ಅವನ ಗಿರಾಕಿಗಳು, ಧ್ವನಿಮುದ್ರಣಗಳು ಎಲ್ಲ ಅದರಲ್ಲೇ. ಹೆಂಡತಿ ಕಾಡಿ ಬೇಡಿದ್ದಕ್ಕೆ, ಫೋನನ್ನು ಗೋಡೆಗೆ ಒರಗಿಸಿಟ್ಟು, ಒಂದು ಸಲ ಪಾಸ್‌ವರ್ಡ್ ಒತ್ತಿ ಎದ್ದು ಹೋಗುವುದು ಅವನ ಲೆಕ್ಕವಾಗಿತ್ತು. ಎದ್ದು ಹೋಗಲು ಬಾಕ್ಸು ಬಿಡಲಿಲ್ಲ. ಎರಡನೇ ಸಂಜೆಯೇ ಮೇಡಂಗೆ ಫೋನು ಬಂತು. ಅವರು ಫೋನನ್ನು ಕಿವಿಯಿಂದ ಒಂದು ಮಾರು ದೂರ ಹಿಡಿದಿದ್ದರೂ ನನ್ನ ಅಂಗಡಿಯಲ್ಲಿ ಇದ್ದವರಿಗೆಲ್ಲ ಕೇಳಿಸಿತು.

“ಏನ್ ಮೇಡಮ್ಮ, ನನ್ ಮೇಲೆ ನಂಬಿಕೆ ಇಲ್ವಾ? ಪದೇ ಪದೇ ಯಾರು, ಯಾರು ಅಂತ ಕಳ್ಳನ್ನ ಕೇಳಿದಂಗೆ ಕೇಳ್ತೀರಾ? ಒತ್ತಿದ್ದು ಕಾಣ್ಸಕ್ಕಿಲ್ಲ, ಬರೀ ಚುಕ್ಕಿ. ತಪ್ಪಾದ್ರೆ ಎಲ್ಲಿ ತಪ್ಪಾಯ್ತು ಅಂತ ಗೊತ್ತಾಗಲ್ಲ.”

“ಮಗಳನ್ನ ಕೇಳು. ಅವಳು ಮತ್ತೆ ತೋರಿಸ್ತಾಳೆ.”

“ತೋರಿಸ್ತಾಳೆ, ಬಿರಬಿರನೆ. ನಂಗೆ ಸಿಕ್ಕಲ್ಲ.”

“ನಿಧಾನಕ್ಕೆ ತೋರ್ಸು ಅಂತ ಅವಳಿಗೆ ಹೇಳಪ್ಪ.”

“ಹೆಂಗ್ ಹೇಳೋದು?”

ಮೇಡಂ, ಎಂಥ ದೊಡ್ಡ ಗಿರಾಕಿ ಬಂದರೂ ಅಷ್ಟು ಎಚ್ಚರಿಕೆಯಿಂದ ನಾನು ಮಾತಾಡಲಾರೆನೇನೋ, ಅಷ್ಟು ಎಚ್ಚರಿಕೆಯಿಂದ ಹೇಳಿದರು. “ಒಂದು ಕೈ ಚಾಚು. ಇನ್ನೊಂದು ಕೈಯ ಬೆರಳನ್ನ ಅದರ ಮೇಲೆ ಮೆಲ್ಲಗೆ ಎಳಿ, ಬೆರಳ ತುದಿಯಿಂದ ಮೊಣಕೈವರೆಗೂ. ಅಷ್ಟೇ. ಅದೇ ‘ನಿಧಾನ’.” ಆ ಕಡೆ ಅವನು ಎಳೆದನೋ ಬಿಟ್ಟನೋ ನಮಗೆ ಕಾಣುವಂತಿಲ್ಲ. ಫೋನು ಕಟ್ಟಾಯಿತು.

ನಾಲ್ಕಾರು ದಿನಗಳ ಮೇಲೆ ಅವನ ಹೆಂಡತಿ ಫೋನು ಮಾಡಿದಳು. “ಇಬ್ರೂ ಒಂದೇ ಗೋಡೆಗೆ ಒರಗಿ ಕೂತ್ಕೊಂತಾರೆ ಮೇಡಮ್ಮ. ಬಾಕ್ಸು ಬಂದಾಗೆಲ್ಲ ಬೈತಾನೆ, ಆದ್ರೆ ಅವಳ ಕಡೆ ತಿರುಗ್ತಾನೆ. ನೆನ್ನೆ ಅವಳು ಇವನ ಬೆರಳು ಹಿಡ್ಕೊಂಡು ತಿದ್ದುತಾ ಇದ್ಲು. ಬಾಗಿಲು ಮುಚ್ಕೊಂಡೇ ಕೂತ್ಕೊಳ್ಳೋದು, ಯಾರೂ ನೋಡಬಾರ್ದು ಅಂತ. ಆದ್ರೂ ಕೂತ್ಕೊಂತಾನೆ.”

ಸರಿಯಾಗಿ ಅದೇ ಹೊತ್ತಿಗೆ, ಹೇಳಿಕೊಳ್ಳುವುದಕ್ಕೆ ಹೆಮ್ಮೆಯೇ, ನನಗೆ ಪರಿಹಾರ ಸಿಕ್ಕಿತ್ತು. ಓದಿ, ಕೆಡಿಸಿ, ಮತ್ತೆ ಓದಿ, ಹೊಸ ಬಾಗಿಲು ಕಟ್ಟಿದ್ದೆ. ಬಸ್ ಪಾಸಿನಂತೆ ಒಮ್ಮೆ ತೋರಿಸಿದರೆ ಸಾಕು, ಮತ್ತೆ ಕೇಳುವುದಿಲ್ಲ. ಬೀಗವೂ ಉಳಿಯುತ್ತದೆ. ಮೇಡಂಗೆ ತೋರಿಸಿದೆ. ಹಿಂದಕ್ಕೆ ಎಳೆದು ನೋಡಿ ಎಂದೆ. ಎಳೆದರು. ಬಾಕ್ಸು ಬರಲಿಲ್ಲ. ಹೊಗಳುತ್ತಾರೆಂದು ಕಾದೆ.

ಅವರು ಪರದೆಯನ್ನೇ ನೋಡುತ್ತಾ ಕೂತರು. ನನಗೆ ಅರ್ಥವಾಯಿತು, ನಾನು ಸಿಡುಕನೇ ಹೊರತು ದಡ್ಡನಲ್ಲ. ಈ ಬಾಗಿಲು ಹಾಕಿದರೆ ಕಲ್ಯಾಣದುರ್ಗದ ಮನುಷ್ಯ ಒಂದೇ ಸಲ ಒತ್ತಿ ಎದ್ದು ಹೋಗುತ್ತಾನೆ. ಅವರು ಇಷ್ಟು ದಿನ ಹೇಳಿಯೂ ಅವನಿಂದ ಮಾಡಿಸಲಾಗದ ಕೆಲಸವನ್ನು ಆ ದೋಷ ಮಾಡಿಸುತ್ತಿತ್ತು.

“ರಜೆ ಮುಗಿಯುವವರೆಗೆ ಹಳೇದೇ ಇರಲಿ ಬಿಡಿ ಮೇಡಂ,” ಎಂದೆ. ಇಷ್ಟು ಕಷ್ಟಪಟ್ಟು ಮಾಡಿದ್ದನ್ನು ಮೂಲೆಗಿಡುವ ಮಾತು ನನ್ನ ಬಾಯಿಂದ ಬಂತೆಂದು ನನಗೇ ಆಶ್ಚರ್ಯವಾಯಿತು.

ಮೇಡಂ ಬೇಡವೆಂದು ತಲೆಯಾಡಿಸಿದರು. “ಮಿಕ್ಕ ಮನೆಯೋರು ಏನ್ ತಪ್ಪು ಮಾಡವ್ರೆ? ಒಂದು ಮನೆಗೋಸ್ಕರ ಎಲ್ರನ್ನೂ ಬಾಗಿಲಲ್ಲಿ ನಿಲ್ಸಾಕಾಗಲ್ಲ ಕಣಪ್ಪ. ಸರಿ ಮಾಡ್ಬುಡು.” ನಾನು ಬದಲಾಯಿಸುವಾಗ ಅವರು ಹೊರಗೆ ಹೋಗಿ ನಿಂತಿದ್ದರು. ತಮಗೆ ಬೇಕಾದ್ದು ಕೈಗೆ ಬಂದಿರುವಾಗ ಅದನ್ನು ನ್ಯಾಯಕ್ಕಾಗಿ ಬಿಡುವುದು ಎಂದರೆ ಏನೆಂದು ನಾನು ಪುಸ್ತಕದಲ್ಲಿ ಓದಿದ್ದೇನೆ. ಕಣ್ಣಾರೆ ಕಂಡದ್ದು ಅಂದು ಮಾತ್ರ.

ಆಮೇಲೆ ಕಲ್ಯಾಣದುರ್ಗದಿಂದ ಫೋನು ಬರಲಿಲ್ಲ. ಬೈಯಲಿಕ್ಕೂ ಬರಲಿಲ್ಲ. ಮೇಡಂ ಮಾಡಿದರೆ ಅವನು ಎತ್ತಲಿಲ್ಲ. ರಜೆ ಮುಗಿಯುವ ಮುಂಚೆ ಒಂದು ಬೆಳಗ್ಗೆ ಅಂಗಡಿಯ ಲೈಟು ಆರಿ ಹತ್ತಿತು. “ನಡಿಯಪ್ಪ, ಕಲ್ಯಾಣದುರ್ಗಕ್ಕೆ ಹೋಗ್ಬರೋಣ. ಅವನ ಫೋನಲ್ಲಿ ಏನಾದ್ರೂ ತೊಂದ್ರೆ ಇದ್ರೆ ನೀನು ನೋಡ್ಬೋದು,” ಎಂದರು. ತೊಂದರೆ ಫೋನಿನದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಷಟರ್ ಎಳೆದು ಹೊರಟೆ.

ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಅವನ ಗಂಟಲು ಕೇಳಿಸಿತು. ಯಾವುದೋ ಚಪ್ಪಲಿ ಅಂಗಡಿಯ ಸೇಲು. ರಸ್ತೆಯ ಆ ಬದಿಯಲ್ಲಿ ಆಟೋ ಮೆಲ್ಲಗೆ ಬರುತ್ತಿತ್ತು. ಒಂದು ಕೈಯಲ್ಲಿ ಹ್ಯಾಂಡಲ್, ಒಂದು ಕೈಯಲ್ಲಿ ಮೈಕು. ಮಗಳು ಹಿಂದಿನ ಸೀಟಿನಲ್ಲಿ ಮುಂದಕ್ಕೆ ಬಾಗಿ ಕೂತಿದ್ದಳು. ಅವಳು ಅವನ ಭುಜ ತಟ್ಟಿದಳು. ಅವನು ತಿರುಗಿ ನೋಡಿದ. “ಆಲಸಿಂಚಿನ” ಎಂದು ಎಳೆದದ್ದು ಅಷ್ಟಕ್ಕೇ ನಿಂತಿತು. ಆಟೋವನ್ನು ಬದಿಗೆ ನಿಲ್ಲಿಸಿ, ಮೈಕನ್ನು ತೊಡೆಯ ಮೇಲಿಟ್ಟ. ಅದು ಜಾರಿ ಕೆಳಗೆ ಬಿತ್ತು, ಎತ್ತಿಕೊಳ್ಳಲಿಲ್ಲ. ಅವನಿಗೆ ಎರಡೂ ಕೈ ಬೇಕಾಗಿದ್ದವು.

ತರಕಾರಿಯವರು, ಬಸ್ಸಿಗೆ ಕಾದವರು, ಚಹಾದಂಗಡಿಯವರು ಎಲ್ಲರೂ ಅತ್ತಲೇ ನೋಡಿದರು. ಸದಾ ಕೂಗುವ ಆಟೋ ಸುಮ್ಮನಾದರೆ ಯಾರಾದರೂ ನೋಡುತ್ತಾರೆ. ಅವನು ಬೆರಳುಗಳನ್ನು ಒಂದೊಂದಾಗಿ ಮುಟ್ಟಿಕೊಳ್ಳುತ್ತಾ, ಹುಬ್ಬೇರಿಸಿ, ಏನೋ ಕೇಳುತ್ತಿದ್ದ. ಅವಳು ತಲೆಯಾಡಿಸಿ ಬಿರಬಿರನೆ ಏನೋ ಹೇಳಿದಳು. ಅವನು ಕೈಯ ಮೇಲೆ ಬೆರಳನ್ನು ಮೆಲ್ಲಗೆ ಎಳೆದ. ಅವಳು ಮತ್ತೆ ಹೇಳಿದಳು.

“ಬನ್ನಿ ಮೇಡಂ, ಮಾತಾಡಿಸೋಣ,” ಎಂದು ತಿರುಗಿದರೆ, ಮೇಡಂ ಅವರಿಗೆ ಬೆನ್ನು ಹಾಕಿ ನಿಂತಿದ್ದರು. ಮುಖ ಬಸ್‌ಸ್ಟ್ಯಾಂಡಿನ ಗೋಡೆಯ ಕಡೆಗಿತ್ತು. ಅಲ್ಲಿ ಸಿಮೆಂಟಿನ ಜಾಹೀರಾತು ಬಿಟ್ಟರೆ ಬೇರೇನೂ ಇರಲಿಲ್ಲ.

“ಹಿಂದೂಪುರದ ಬಸ್ಸು ಎಷ್ಟೊತ್ತಿಗೈತೆ ಕೇಳಪ್ಪ,” ಎಂದರು.

“ಇಷ್ಟು ದೂರ ಬಂದು ಮಾತಾಡಿಸದೆ ಹೋಗೋದಾ?”

“ಅವರು ಮಾತಾಡ್ತಾವ್ರಲ್ಲ. ನಡುವೆ ಹೋಗಬಾರ್ದು.”

“ಏನು ಮಾತಾಡ್ತಿದ್ದಾರೆ?” ಎಂದು ಕೇಳಿದೆ. ಆ ದೂರದಿಂದ ಅವರಿಗೆ ಪ್ರತಿ ಅಕ್ಷರವೂ ಕಾಣುತ್ತಿತ್ತು ಎಂದು ನನಗೆ ಗೊತ್ತು.

“ನಾನು ನೋಡ್ಲಿಲ್ಲ ಕಣಪ್ಪ. ಅಪ್ಪ ಮಗಳ ಮಾತು. ನಮಗೆ ಭಾಷೆ ಬತ್ತದೆ ಅಂತ ಕದ್ದು ನೋಡಾಕಾಗ್ತದಾ?”

ಬಸ್ಸು ಸಿಕ್ಕಿತು. ಕಿಟಕಿಯ ಪಕ್ಕದ ಸೀಟು ಖಾಲಿಯಿತ್ತು. ಎಂದೂ ಕಿಟಕಿ ಬಿಟ್ಟುಕೊಡದವರು ಅಂದು ನನ್ನನ್ನು ಅಲ್ಲಿ ಕೂರಿಸಿ, ತಾವು ಈಚೆ ಕೂತು, ತಲೆ ತಗ್ಗಿಸಿಕೊಂಡರು. ಅಳುತ್ತಿದ್ದರು, ಅದನ್ನು ಮುಚ್ಚಿಡಲೂ ಇಲ್ಲ.

“ಇನ್ನೂ ಮಾತಾಡ್ತಾವ್ರಾ?” ಎಂದು ಕೇಳಿದರು.

“ಹೂಂ ಮೇಡಂ,” ಎಂದೆ.

ಕಂಡಕ್ಟರು ಬಂದು ಟಿಕೆಟು ಹರಿದುಕೊಟ್ಟು ಹೋದ. “ಈಗ?” ಎಂದರು.

“ಹೂಂ. ಈಗ ಅವನು ಹೇಳ್ತಿದ್ದಾನೆ, ಅವಳು ನಗ್ತಿದ್ದಾಳೆ.”

ಬಸ್ಸು ಅಲುಗಿ ಹೊರಟಿತು. ಆಟೋದ ಪಕ್ಕದಲ್ಲೇ ಹಾದುಹೋಯಿತು. ಅವರಿಬ್ಬರೂ ನಮ್ಮನ್ನು ನೋಡಲಿಲ್ಲ. ಮೇಡಂ ತಲೆ ಎತ್ತದೆಯೇ ಮತ್ತೆ ಕೇಳಿದರು. ತಿರುವಿನಲ್ಲಿ ಆಟೋ ಮರೆಯಾಗುವವರೆಗೂ ಅವರು ಕೇಳುತ್ತಲೇ ಇದ್ದರು. ನಾನು ನೋಡಿ ನೋಡಿ ಹೂಂ ಎನ್ನುತ್ತಲೇ ಇದ್ದೆ.